ಶಿಶುವಿನ ಮಿದುಳೂ ವಂಶದ ಬರಹವೂ

"ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಎಂಬ ಗಾದೆಯನ್ನು ನಮ್ಮ ಹಿರಿಯರು ಎಷ್ಟೋ ಕಾಲದಿಂದ ಹೇಳುತ್ತ ಬಂದಿದ್ದಾರೆ. ಮೂಗಿನ ಮಾಟ, ಕೂದಲ ಗುಂಗುರು, ನಡಿಗೆಯ ಠೀವಿ, ನಗುವ ಬಗೆ ಇವೇ ಮೊದಲಾದುವು ಹಿರಿಯರಿಂದ ಕಿರಿಯರಿಗೆ ಇಳಿದುಬರುವುದನ್ನು ಕಂಡು ಮನೆಮಂದಿಯೆಲ್ಲ ಹಿಗ್ಗುವುದುಂಟು. ಆದರೆ ವಂಶದಲ್ಲಿ ಇಳಿದುಬರುವುದು ಚೆಲುವೊಂದೇ ಅಲ್ಲ. ಕೆಲವು ಮನೆಗಳಲ್ಲಿ ಹುಟ್ಟಿದ ಕೂಸಿಗೆ ಆರು ತಿಂಗಳಾದರೂ ಕತ್ತು ನಿಲ್ಲುವುದಿಲ್ಲ. ವರ್ಷ ತುಂಬಿದರೂ ಅದು ಕುಳಿತುಕೊಳ್ಳುವುದಿಲ್ಲ. ಮತ್ತೆ ಕೆಲವು ಮನೆಗಳಲ್ಲಿ ಐದಾರು ವರ್ಷ ನಲಿದಾಡಿಕೊಂಡಿದ್ದ ಮಗುವಿನ ಪಾದ ಸೊಟ್ಟಗೆ ತಿರುಗಲು ಮೊದಲಾಗುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಆಗ ಅನೇಕ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ "ಇದಕ್ಕೆ ಔಷಧವೇನು?" ಎಂಬುದಲ್ಲ, "ಇದು ಯಾರ ತಪ್ಪು?" ಎಂಬುದು.

ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧವಾದ ಉತ್ತರಗಳಿಗೆ ಕೊರತೆಯಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಳೆಂದು ಒಬ್ಬರು, ನಾಗದೋಷವೆಂದು ಇನ್ನೊಬ್ಬರು, ಕೆಟ್ಟ ದೃಷ್ಟಿ ತಾಗಿತೆಂದು ಮತ್ತೊಬ್ಬರು, ಸೊಸೆಯ ಕಾಲ್ಗುಣವೆಂದು ಮಗದೊಬ್ಬರು ಹೇಳುತ್ತಾರೆ. ಉತ್ತರಗಳು ಹಲವಾದರೂ ಅವುಗಳ ಗುರಿ ಬಹುಮಟ್ಟಿಗೆ ಒಂದೇ. ಅದು ಹೆತ್ತ ತಾಯಿ. ಮಗುವಿನ ದುಃಖದೊಡನೆ ಈ ಅಪವಾದವನ್ನೂ ಹೊತ್ತು ಬಾಳುವ ಹೆಂಗಸರು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ ಇದ್ದಾರೆ. ಇತ್ತ ದೋಷನಿವಾರಣೆಗಾಗಿ ಊರೂರು ತಿರುಗುವುದರಲ್ಲಿ, ಔಷಧದಿಂದ ಗುಣವಾಗಬಹುದಾಗಿದ್ದ ಕೆಲವು ಮಕ್ಕಳ ಅಮೂಲ್ಯವಾದ ವರ್ಷಗಳೂ ಕಳೆದುಹೋಗುತ್ತವೆ. ಆದಕಾರಣ ಈ ವಿಷಯದಲ್ಲಿ ಶಾಸ್ತ್ರಜ್ಞರು ಈಚಿನ ದಶಕಗಳಲ್ಲಿ ಕಂಡುಕೊಂಡಿರುವ ಸಂಗತಿಗಳನ್ನು ಗೃಹಸ್ಥರು ತಿಳಿದಿರುವುದು ಅವಶ್ಯವೆಂದು ಭಾವಿಸಿ, ಅವುಗಳನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ವಂಶದ ಬರಹ

ನಮ್ಮ ದೇಹವು ಕಣ್ಣಿಗೆ ಕಾಣದಷ್ಟು ಸಣ್ಣವಾದ ಜೀವಕೋಶಗಳಿಂದಾದುದು. ಬಹುಮಟ್ಟಿಗೆ ಪ್ರತಿಯೊಂದು ಕೋಶದಲ್ಲಿಯೂ ವರ್ಣತಂತುಗಳೆಂಬ ೪೬ ಎಳೆಗಳಿವೆ. ಅವುಗಳಲ್ಲಿ ೨೩ ತಂದೆಯಿಂದಲೂ ೨೩ ತಾಯಿಯಿಂದಲೂ ಬಂದವು. ಈ ಎಳೆಗಳಲ್ಲಿ, ನಾಲ್ಕೇ ಅಕ್ಷರಗಳುಳ್ಳ ಒಂದು ಲಿಪಿಯಲ್ಲಿ, ದೇಹವನ್ನು ಕಟ್ಟುವ ಮತ್ತು ನಡಸುವ ವಿಧಾನವೆಲ್ಲ ಬರೆದಿದೆ. ತಂದೆಯ ಪಾಲಿನಲ್ಲಿ ಸುಮಾರು ೩೦೦ ಕೋಟಿ ಅಕ್ಷರಗಳು, ತಾಯಿಯ ಪಾಲಿನಲ್ಲಿಯೂ ಅಷ್ಟೇ. ಈ ದೀರ್ಘವಾದ ಬರಹದಲ್ಲಿ ಒಂದೊಂದು ವಸ್ತುವನ್ನು ತಯಾರಿಸುವ ವಿಧಿಯನ್ನು ಹೇಳುವ ಭಾಗಕ್ಕೆ ಜೀನು ಎಂದು ಹೆಸರು. ದೇಹದ ಸಸಾರಜನಕಗಳನ್ನು ತಯಾರಿಸುವ ಜೀನುಗಳು ಸುಮಾರು ೨೦,೦೦೦ ಇವೆ.

ಹಿಂದೆ ಓಲೆಗರಿಯ ಗ್ರಂಥಗಳನ್ನು ಪ್ರತಿಮಾಡುವಾಗ ಬರೆಯುವವನ ಕೈತಪ್ಪಿನಿಂದ ಅಲ್ಲಲ್ಲಿ ಅಕ್ಷರ ಬದಲಾಗುತ್ತಿದ್ದುದು ವಾಚಕರಿಗೆ ತಿಳಿದೇ ಇದೆ. ಜೀವಕೋಶಗಳಲ್ಲಿಯೂ ಹಾಗೆಯೇ. ತಲೆಮಾರಿನಿಂದ ತಲೆಮಾರಿಗೆ ಈ ಬರಹ ಪ್ರತಿಯಾಗುವಾಗ ಕೆಲವು ಅಕ್ಷರಗಳು ಬದಲಾಗುತ್ತವೆ. "ಮಾಡುವುದು" ಎಂಬಲ್ಲಿ "ಮಾಡುವದು" ಎಂದಾದರೆ ಅರ್ಥಕ್ಕೆ ಹಾನಿಯಿಲ್ಲ. ಆದರೆ "ಹಾಲು" ಎಂಬಲ್ಲಿ "ಹಾಳು" ಎಂದಾದರೆ ಅರ್ಥವೇ ಕೆಟ್ಟಿತು. ಈ ಬಗೆಯ ಕೈತಪ್ಪು ಯಾರ ನಡತೆಯಿಂದಲೂ ಆಗುವುದಲ್ಲ, ಯಾರ ಇಚ್ಛೆಯಿಂದಲೂ ತಪ್ಪುವುದಲ್ಲ. ಪೂರ್ಣ ಆರೋಗ್ಯವಂತರಾದ ನಮ್ಮೆಲ್ಲರ ಬರಹದಲ್ಲಿಯೂ ಇಂಥ ಕೆಟ್ಟ ತಪ್ಪುಗಳು ಕೆಲವು ಅಡಗಿಯೇ ಇರುತ್ತವೆ.

ಅಡಗಿರುವುದು ಹೇಗೆಂದರೆ, ಹೆಚ್ಚಿನ ಜೀನುಗಳು ನಮ್ಮಲ್ಲಿ ಎರಡೆರಡು ಪ್ರತಿ ಇವೆ. ಎರಡು ದೀಪಗಳಿರುವ ಕೋಣೆಯಲ್ಲಿ ಒಂದು ಆರಿದರೂ ಮತ್ತೊಂದರ ಬೆಳಕಿನಲ್ಲಿ ಕೆಲಸ ಸಾಗುವಂತೆ, ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದರಿಂದ ದೇಹದ ಕಾರ್ಯ ನಡೆಯುತ್ತದೆ. ಗಂಡಹೆಂಡಿರಿಬ್ಬರಲ್ಲಿಯೂ ಒಂದೇ ಜೀನಿನ ಒಂದು ಪ್ರತಿ ಕೆಟ್ಟಿದ್ದು, ಆ ಎರಡೂ ಕೆಟ್ಟ ಪ್ರತಿಗಳು ಒಂದು ಮಗುವಿನಲ್ಲಿ ಕೂಡಿದರೆ ಮಾತ್ರ ರೋಗ ತಲೆದೋರುತ್ತದೆ. ಹೀಗಾಗುವ ಸಂಭವ ಪ್ರತಿಯೊಂದು ಬಸುರಿನಲ್ಲಿಯೂ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ರೋಗ ಬಂದುದರಿಂದ ಮುಂದಿನ ಮೂವರು ಕ್ಷೇಮವೆಂದು ಇದರ ಅರ್ಥವಲ್ಲ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಮೊದಲಾಗುತ್ತದೆ. ಇಲ್ಲಿ ತಾಯಿಯ ಪಾಲೆಷ್ಟೋ ತಂದೆಯ ಪಾಲೂ ಅಷ್ಟೇ ಎಂಬುದನ್ನು ಮನೆಯ ಹಿರಿಯರು ಚೆನ್ನಾಗಿ ಮನಗಾಣಬೇಕು. ಇದಲ್ಲದೆ, ಒಂದೇ ಕೆಟ್ಟ ಪ್ರತಿಯಿಂದ ರೋಗ ಬರುವ ಜೀನುಗಳೂ ಉಂಟು. ತಂದೆತಾಯಿಗಳಿಬ್ಬರ ಬರಹವೂ ಶುದ್ಧವಾಗಿದ್ದು ಮಗುವಿನಲ್ಲಿಯೇ ಹೊಸದಾಗಿ ತಪ್ಪು ಹುಟ್ಟುವುದೂ ಉಂಟು.

ಮಿದುಳು ಕಟ್ಟುವ ಬಗೆ

ಮನುಷ್ಯನ ಮಿದುಳಿನಲ್ಲಿ ಸುಮಾರು ೮,೬೦೦ ಕೋಟಿ ನರಕೋಶಗಳಿವೆಯೆಂದು ಎಣಿಸಿದ್ದಾರೆ. ಇವುಗಳಲ್ಲಿ ಆಲೋಚನೆ, ಮಾತು, ನೋಟ ಮೊದಲಾದುವಕ್ಕೆ ಆಧಾರವಾದ ಹೊರಪದರದ ಕೋಶಗಳು ತಾವಿರಬೇಕಾದ ಜಾಗದಲ್ಲಿಯೇ ಹುಟ್ಟುವುದಿಲ್ಲ. ಅವುಗಳಲ್ಲಿ ಹೆಚ್ಚಿನವು ಮಿದುಳಿನ ಒಳಗಿನ ಕುಹರಗಳ ಅಂಚಿನಲ್ಲಿ ಹುಟ್ಟಿ, ಬಳ್ಳಿಯು ಹಂಬನ್ನು ಹಿಡಿದು ಏರುವಂತೆ ಉದ್ದವಾದ ಎಳೆಗಳನ್ನು ಹಿಡಿದು ಹೊರಮೈಯ ಕಡೆಗೆ ಪ್ರಯಾಣ ಮಾಡುತ್ತವೆ. ಈ ವಲಸೆಯ ಮುಖ್ಯ ಭಾಗವು ಗರ್ಭದ ಮೂರನೆಯ ತಿಂಗಳಿನಿಂದ ಆರನೆಯ ತಿಂಗಳೊಳಗೆ ನಡೆಯುತ್ತದೆ. ಮೊದಲು ಹೊರಟವು ಕೆಳಗಿನ ಪದರದಲ್ಲಿ ನೆಲಸುತ್ತವೆ. ಆಮೇಲೆ ಬಂದವು ಅವುಗಳನ್ನು ದಾಟಿ ಮೇಲಿನ ಪದರಗಳಲ್ಲಿ ನೆಲಸುತ್ತವೆ. ಹೀಗೆ ಆರು ಪದರಗಳು ಏರ್ಪಟ್ಟು, ಹೊರಮೈ ಬೆಳೆಬೆಳೆಯುತ್ತ ಅಕ್ರೋಟಿನ ತಿರುಳಿನಂತೆ ಮಡಿಕೆಗಳಾಗಿ ಸುಕ್ಕುಗಟ್ಟುತ್ತದೆ.

ಇಷ್ಟು ದೊಡ್ಡ ಕಟ್ಟಡದಲ್ಲಿ ಮೂರು ಬಗೆಯ ದೋಷಗಳು ಸಂಭವಿಸಬಹುದು. ಕೋಶಗಳು ಸಾಕಷ್ಟು ಹುಟ್ಟದಿರಬಹುದು. ಹುಟ್ಟಿದರೂ ದಾರಿಯಲ್ಲಿಯೇ ನಿಂತುಬಿಡಬಹುದು. ಇಲ್ಲವೆ ಮಿದುಳಿನ ಒಂದು ಭಾಗವೇ ಸರಿಯಾಗಿ ರೂಪುಗೊಳ್ಳದಿರಬಹುದು. ಒಂದೊಂದಕ್ಕೂ ಒಂದೊಂದು ಉದಾಹರಣೆಯನ್ನು ಕೊಡುವೆವು.

ದಾರಿಯಲ್ಲಿ ನಿಂತ ಕೋಶಗಳು

ವಲಸೆ ನಡುದಾರಿಯಲ್ಲಿ ನಿಂತರೆ ಮಿದುಳಿನ ಹೊರಮೈಯಲ್ಲಿ ಮಡಿಕೆಗಳು ಏಳದೆ ಅದು ನುಣುಪಾಗಿಯೇ ಉಳಿಯುತ್ತದೆ. ಆರು ಪದರಗಳಿಗೆ ಬದಲಾಗಿ ಅನೇಕ ವೇಳೆ ನಾಲ್ಕೇ ಪದರಗಳಿರುತ್ತವೆ. ವೈದ್ಯರು ಇದನ್ನು ಲಿಸೆನ್ಸೆಫಲಿ ಎನ್ನುತ್ತಾರೆ. ನುಣುಪು ಮಿದುಳೆಂದೇ ಅದರ ಅರ್ಥ. ಈ ಮಕ್ಕಳಿಗೆ ಎಳವೆಯಲ್ಲಿಯೇ ಫಿಟ್ಸ್ ಬರುತ್ತವೆ, ಹಾಲು ನುಂಗುವುದು ಕಷ್ಟವಾಗುತ್ತದೆ, ಬೆಳವಣಿಗೆ ಬಹಳ ಹಿಂದುಳಿಯುತ್ತದೆ. ೧೯೯೩ರಲ್ಲಿ ಹದಿನೇಳನೆಯ ವರ್ಣತಂತುವಿನಲ್ಲಿ ಇದಕ್ಕೆ ಕಾರಣವಾದ ಒಂದು ಜೀನು ಪತ್ತೆಯಾಯಿತು. ಅದಕ್ಕೆ ಲಿಸ್-೧ ಎಂದು ಹೆಸರು. ಕೋಶದ ತಿರುಳನ್ನು ಮುಂದಕ್ಕೆಳೆಯುವ ಯಂತ್ರಕ್ಕೆ ನೆರವಾಗುವ ಸಸಾರಜನಕವನ್ನು ಈ ಜೀನು ತಯಾರಿಸುತ್ತದೆ. ಎಳೆಯುವ ಶಕ್ತಿ ಕುಗ್ಗಿದುದರಿಂದ ಕೋಶವು ದಾರಿಯಲ್ಲಿ ನಿಲ್ಲುತ್ತದೆ.

ಈ ಜೀನಿನ ದೋಷವು ಬಹುಮಟ್ಟಿಗೆ ಮಗುವಿನಲ್ಲಿಯೇ ಹೊಸದಾಗಿ ಹುಟ್ಟಿದುದು. ಅಂಥ ಮನೆಯಲ್ಲಿ ಮುಂದಿನ ಮಗುವಿಗೆ ಅದು ಮರುಕಳಿಸುವ ಸಂಭವ ಅತ್ಯಲ್ಪ. ಆದರೆ ಅದು ಸೊನ್ನೆಯಲ್ಲ. ೧೯೯೮ರಲ್ಲಿ ಕಂಡುಬಂದ ಡಬಲ್‌ಕಾರ್ಟಿನ್ ಎಂಬ ಇನ್ನೊಂದು ಜೀನಿನ ಕಥೆ ಬೇರೆ. ಅದಿರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಕ್ಕಳಿಗೆ ಈ ವರ್ಣತಂತು ಒಂದೇ ಇರುವುದರಿಂದ ದೋಷ ಪೂರ್ತಿಯಾಗಿ ತೋರುತ್ತದೆ. ಹೆಣ್ಣುಮಕ್ಕಳಿಗೆ ಎರಡಿರುವುದರಿಂದ ಕೆಲವು ಕೋಶಗಳು ಮಾತ್ರ ಹಿಂದುಳಿದು, ಹೊರಪದರದ ಕೆಳಗೆ ಇನ್ನೊಂದು ಪದರದಂತೆ ನಿಲ್ಲುತ್ತವೆ. ಇದರಿಂದ ಒಬ್ಬ ಹೆಂಗಸಿಗೆ ಆಗಾಗ ಫಿಟ್ಸ್ ಬರುವುದಷ್ಟೇ ತೊಂದರೆಯಾಗಿದ್ದು, ಅವಳ ಮಗನಿಗೆ ನುಣುಪು ಮಿದುಳಿರಬಹುದು. ಹೊರಗಿನ ಲಕ್ಷಣ ಒಂದೇ ಆದರೂ ಕಾರಣ ಬೇರೆಯಾದರೆ ಮುಂದಿನ ಮಗುವಿನ ಲೆಕ್ಕವೂ ಬೇರೆಯಾಗುತ್ತದೆ. ರೋಗದ ಹೆಸರನ್ನಷ್ಟೇ ಅಲ್ಲದೆ ಜೀನಿನ ಹೆಸರನ್ನೂ ತಿಳಿಯಬೇಕೆಂದು ವೈದ್ಯರು ಹೇಳುವುದು ಈ ಕಾರಣದಿಂದಲೇ.

ಕಿರಿದಾದ ತಲೆ

ಹುಟ್ಟಿದ ಶಿಶುವಿನ ತಲೆಯ ಸುತ್ತಳತೆ ಸಾಧಾರಣವಾಗಿ ೩೩ರಿಂದ ೩೫ ಸೆಂಟಿಮೀಟರಿನಷ್ಟಿರುತ್ತದೆ. ಕೋಶಗಳು ಸಾಕಷ್ಟು ಹುಟ್ಟದಿದ್ದರೆ ಮಿದುಳು ಕಿರಿದಾಗಿಯೇ ಉಳಿದು, ತಲೆಯೂ ಕಿರಿದಾಗುತ್ತದೆ. ತಾಯಿಗೆ ಬಸುರಿನಲ್ಲಿ ತಗಲಿದ ಸೋಂಕಿನಿಂದಲೂ ಹೀಗಾಗಬಹುದು. ೨೦೧೫-೧೬ರಲ್ಲಿ ಬ್ರೆಜಿಲ್ ದೇಶದಲ್ಲಿ ಜಿಕಾ ಎಂಬ ಸೊಳ್ಳೆಯ ಜ್ವರದಿಂದ ಅನೇಕ ಶಿಶುಗಳಿಗೆ ಹೀಗಾಯಿತು. ಆದರೆ ಸೋಂಕಿಲ್ಲದೆ, ಒಂದೇ ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿಗೆ ಹೀಗಾದರೆ ವಂಶದ ಬರಹವನ್ನು ನೋಡಬೇಕು.

ಈ ವಿಷಯದಲ್ಲಿ ದೊಡ್ಡ ಬೆಳಕು ಬಿದ್ದುದು ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ. ಆ ಸೀಮೆಯಲ್ಲಿ ಉತ್ತರ ಪಾಕಿಸ್ತಾನದಿಂದ ಬಂದು ನೆಲಸಿದ ಕುಟುಂಬಗಳು ಬಹಳ. ಅವರಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೊಳಗೇ ಮದುವೆಯಾಗುವ ರೂಢಿಯಿದೆ. ಅಂಥ ಕುಟುಂಬಗಳ ನೆರವಿನಿಂದ ಜೆಫ್ರಿ ವುಡ್ಸ್ ಎಂಬ ವೈದ್ಯರೂ ಅವರ ಸಂಗಡಿಗರೂ ೨೦೦೨ರಲ್ಲಿ ಎ.ಎಸ್.ಪಿ.ಎಂ. ಎಂಬ ಜೀನನ್ನು ಗುರುತಿಸಿದರು. ಒಂದು ಕೋಶ ಎರಡಾಗುವಾಗ ಅದರೊಳಗಿನ ಸಾಮಗ್ರಿಯನ್ನು ಸರಿಪಾಲು ಮಾಡುವ ಏರ್ಪಾಟಿಗೆ ಈ ಜೀನು ಬೇಕು. ಅದು ಕೆಟ್ಟರೆ ನರಕೋಶಗಳ ತಾಯಿಕೋಶಗಳು ಸಾಕಷ್ಟು ವೃದ್ಧಿಯಾಗುವುದಿಲ್ಲ.

ಈ ಶೋಧದಲ್ಲಿ ನಮ್ಮ ನಾಡಿನ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಕುಮಾರ್ ಅವರು ನಿಮ್ಹಾನ್ಸ್ ಸಂಸ್ಥೆಯ ವೈದ್ಯರೊಡನೆ ಕೂಡಿ ಭಾರತದ ಕುಟುಂಬಗಳನ್ನು ಪರಿಶೀಲಿಸಿ, ಸ್ಟಿಲ್ ಎಂಬ ಮತ್ತೊಂದು ಜೀನಿನ ದೋಷದಿಂದಲೂ ತಲೆ ಕಿರಿದಾಗುವುದೆಂದು ೨೦೦೯ರಲ್ಲಿ ಪ್ರಕಟಿಸಿದರು. ಇದೂ ಕೋಶವಿಭಜನೆಗೆ ಬೇಕಾದ ಜೀನೇ. ಎಲ್ಲಿಯೋ ದೂರದ ದೇಶದ ವಿದ್ಯೆಯೆಂದು ನಾವು ಭಾವಿಸುವ ಶಾಸ್ತ್ರಕ್ಕೆ ನಮ್ಮ ಮನೆಗಳ ಮಕ್ಕಳೇ ಆಧಾರವಾಗಿದ್ದಾರೆ.

ದವಡೆ ಹಲ್ಲಿನ ಗುರುತು

ಮಿದುಳಿನ ಹಿಂಭಾಗದಲ್ಲಿ, ಮೈಯ ತೂಕವನ್ನೂ ನಡಿಗೆಯ ಹದವನ್ನೂ ಕಾಯುವ ಕಿರುಮಿದುಳಿದೆ. ೧೯೬೯ರಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ಪಟ್ಟಣದ ಮಾರಿ ಜೂಬೇರ್ ಎಂಬ ವೈದ್ಯೆಯೂ ಅವರ ಸಂಗಡಿಗರೂ ಒಂದೇ ಕುಟುಂಬದ ನಾಲ್ವರು ಮಕ್ಕಳ ವಿಚಾರವನ್ನು ಬರೆದರು. ಆ ಮಕ್ಕಳು ಎಳವೆಯಲ್ಲಿ ಒಮ್ಮೊಮ್ಮೆ ಏದುಸಿರು ಬಿಡುತ್ತಿದ್ದರು, ಕಣ್ಣುಗುಡ್ಡೆಗಳು ಅತ್ತಿತ್ತ ಓಡುತ್ತಿದ್ದುವು, ನಡಿಗೆ ತೂರಾಡುತ್ತಿತ್ತು. ಕಿರುಮಿದುಳಿನ ನಡುಭಾಗವು ಬೆಳೆಯದಿದ್ದುದೇ ಇದಕ್ಕೆ ಕಾರಣ. ಇಂಥ ಮಕ್ಕಳ ತಲೆಯ ಎಂ.ಆರ್.ಐ. ಚಿತ್ರ ತೆಗೆದರೆ ಒಂದು ಕಡೆ ದವಡೆ ಹಲ್ಲಿನಂಥ ಆಕೃತಿ ಕಾಣುತ್ತದೆ. ರೋಗವನ್ನು ಗುರುತಿಸಲು ಅದೇ ಸಾಧನ. ಈ ಒಂದು ರೋಗಕ್ಕೆ ಕಾರಣವಾಗಬಲ್ಲ ಜೀನುಗಳು ಮೂವತ್ತಕ್ಕೂ ಮಿಗಿಲಾಗಿವೆ. ಅವುಗಳೆಲ್ಲ ಬಹುಮಟ್ಟಿಗೆ ಜೀವಕೋಶದ ಮೈಮೇಲೆ ಕೂದಲಿನಂತೆ ನಿಂತು ಸುದ್ದಿ ಗ್ರಹಿಸುವ ಒಂದು ಸೂಕ್ಷ್ಮ ಅಂಗಕ್ಕೆ ಸಂಬಂಧಪಟ್ಟವು. ಆ ಅಂಗವು ಮೂತ್ರಪಿಂಡದಲ್ಲಿಯೂ ಕಣ್ಣಿನಲ್ಲಿಯೂ ಇರುವುದರಿಂದ, ಮಿದುಳಿನ ರೋಗಕ್ಕಾಗಿ ಬಂದ ಮಗುವಿನ ಮೂತ್ರಪಿಂಡವನ್ನೂ ಕಣ್ಣನ್ನೂ ವೈದ್ಯರು ಕಾಲಕಾಲಕ್ಕೆ ಪರೀಕ್ಷಿಸುತ್ತಾರೆ. ಜೀನು ತಿಳಿದಿದ್ದರೆ ಮುಂದೆ ಬರಬಹುದಾದ ಕೇಡನ್ನು ಮೊದಲೇ ಕಾಣಬಹುದೆಂಬುದಕ್ಕೆ ಇದು ನಿದರ್ಶನ.

ಚಲನೆಯ ದೋಷಗಳು

ಇದುವರೆಗೆ ಹೇಳಿದುದು ಕಟ್ಟಡವೇ ಕೆಟ್ಟ ಸಂಗತಿ. ಇದನ್ನು ಮತ್ತೆ ಕಟ್ಟುವ ವಿದ್ಯೆ ಇನ್ನೂ ಮನುಷ್ಯರಿಗೆ ಸಿದ್ಧಿಸಿಲ್ಲ. ಆದರೆ ಕಟ್ಟಡ ಸರಿಯಾಗಿದ್ದು, ಒಳಗಿನ ವ್ಯವಹಾರ ಮಾತ್ರ ಕೆಟ್ಟಿರುವ ರೋಗಗಳೂ ಉಂಟು. ಮಿದುಳಿನ ಆಳದಲ್ಲಿ ಕೈಕಾಲುಗಳ ಚಲನೆಯನ್ನು ಹದದಲ್ಲಿಡುವ ನರಕೋಶಗಳ ಗಂಟುಗಳಿವೆ. ಅವುಗಳ ಕಾರ್ಯಕ್ಕೆ ಡೋಪಮೀನ್ ಎಂಬ ವಸ್ತು ಬೇಕು. ಎಣ್ಣೆ ತೀರಿದ ಹಣತೆಯಂತೆ, ಈ ವಸ್ತು ಕಡಿಮೆಯಾದರೆ ಬತ್ತಿ ಸರಿಯಿದ್ದರೂ ಬೆಳಕಿಲ್ಲ. ಎಣ್ಣೆ ಹಾಕಿದರೆ ದೀಪ ಮತ್ತೆ ಉರಿಯುತ್ತದೆ. ಇಲ್ಲಿಯೇ ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯಿದೆ.

ಜಪಾನಿನ ಮಸಾಯಾ ಸೆಗಾವಾ ಎಂಬ ಮಕ್ಕಳ ವೈದ್ಯರು ೧೯೭೦ರ ದಶಕದಲ್ಲಿ ಒಂದು ವಿಚಿತ್ರವಾದ ರೋಗವನ್ನು ವರ್ಣಿಸಿದರು. ಮಗು ಬೆಳಗ್ಗೆ ಎದ್ದಾಗ ಚೆನ್ನಾಗಿ ನಡೆಯುತ್ತದೆ. ಹೊತ್ತು ಏರಿದಂತೆ ಪಾದ ಒಳಕ್ಕೆ ತಿರುಗುತ್ತದೆ. ಸಂಜೆಯ ವೇಳೆಗೆ ಹೆಜ್ಜೆಯಿಡುವುದೇ ಕಷ್ಟವಾಗುತ್ತದೆ. ನಿದ್ರೆಮಾಡಿ ಎದ್ದರೆ ಮತ್ತೆ ಸರಿ. ಇದು ಸಾಮಾನ್ಯವಾಗಿ ಆರು ವರ್ಷದ ಆಸುಪಾಸಿನಲ್ಲಿ ತೋರುತ್ತದೆ; ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಬೆಳಗ್ಗೆ ಆಡಿದ ಮಗು ಸಂಜೆ ಕುಂಟಿದರೆ, ಕೆಲಸಗಳ್ಳತನವೆಂದು ಹಿರಿಯರು ಗದರಿಸುವುದು ಸಹಜ. ಆದರೆ ಡೋಪಮೀನ್ ತಯಾರಾಗಲು ಬೇಕಾದ ಒಂದು ಸಹಾಯಕ ವಸ್ತುವನ್ನು ಒದಗಿಸುವ ಜೀನಿನ ದೋಷವೇ ಇದಕ್ಕೆ ಕಾರಣವೆಂದು ೧೯೯೪ರಲ್ಲಿ ತಿಳಿದುಬಂತು. ಲೆವೊಡೋಪಾ ಎಂಬ ಗುಳಿಗೆಯನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಈ ಮಕ್ಕಳು ಬಲುಬೇಗ ನೆಟ್ಟಗೆ ನಡೆಯುತ್ತಾರೆ; ಆ ಗುಣವು ಹತ್ತಾರು ವರ್ಷ ನಿಲ್ಲುತ್ತದೆ. ಹಾಗಿದ್ದರೂ ಇದನ್ನು ಸೆರೆಬ್ರಲ್ ಪಾಲ್ಸಿ ಎಂಬ, ಗುಣವಾಗದ ದೌರ್ಬಲ್ಯವೆಂದು ತಿಳಿದು ವರ್ಷಾನುಗಟ್ಟಲೆ ಗಾಲಿಕುರ್ಚಿಯಲ್ಲಿ ಕೂರಿಸಿದ ಸಂದರ್ಭಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ.

ಇನ್ನೊಂದು ರೋಗ ೧೯೧೨ರಲ್ಲಿ ಲಂಡನ್ನಿನ ಕಿನ್ನಿಯರ್ ವಿಲ್ಸನ್ ಎಂಬ ವೈದ್ಯರು ವರ್ಣಿಸಿದುದು. ನಾವು ತಿನ್ನುವ ಆಹಾರದಲ್ಲಿ ಸ್ವಲ್ಪ ತಾಮ್ರವಿರುತ್ತದೆ. ಹೆಚ್ಚಾದುದನ್ನು ಪಿತ್ತಜನಕಾಂಗವು ಹೊರಗೆ ಹಾಕುತ್ತದೆ. ಹೊರಗೆ ಹಾಕುವ ಜೀನು ಕೆಟ್ಟರೆ ತಾಮ್ರವು ಪಿತ್ತಜನಕಾಂಗದಲ್ಲಿಯೂ ಮಿದುಳಿನಲ್ಲಿಯೂ ಕಣ್ಣಿನಲ್ಲಿಯೂ ಸಂಗ್ರಹವಾಗುತ್ತದೆ. ಶಾಲೆಗೆ ಹೋಗುವ ಹುಡುಗನ ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಬಾಯಿಂದ ಜೊಲ್ಲು ಸುರಿಯುತ್ತದೆ, ಕೈ ನಡುಗುತ್ತದೆ, ಸ್ವಭಾವ ಬದಲಾಗುತ್ತದೆ; ಕೆಲವರಿಗೆ ಮೊದಲು ಕಾಮಾಲೆಯೇ ಬರುವುದುಂಟು. ಇದಕ್ಕೆ ೧೯೫೬ರಲ್ಲಿ ಜಾನ್ ವಾಲ್ಷ್ ಎಂಬ ವೈದ್ಯರು ತಾಮ್ರವನ್ನು ಮೂತ್ರದ ಮೂಲಕ ಹೊರಡಿಸುವ ಪೆನಿಸಿಲಮೀನ್ ಎಂಬ ಔಷಧವನ್ನು ಪ್ರಕಟಿಸಿದರು. ಸತುವಿನ ಲವಣವನ್ನೂ ಈಗ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂವತ್ತು ವರ್ಷಗಳಲ್ಲಿ ತಾವು ಕಂಡ ೨೮೨ ಮಂದಿ ವಿಲ್ಸನ್ ರೋಗಿಗಳ ವಿವರವನ್ನು ೨೦೦೭ರಲ್ಲಿ ಪ್ರಕಟಿಸಿದ್ದಾರೆ. ಆದುದರಿಂದ ಇದು ನಮ್ಮಲ್ಲಿಲ್ಲದ ರೋಗವಲ್ಲ. ಒಬ್ಬ ಮಗುವಿಗೆ ಈ ರೋಗವಿದೆಯೆಂದು ತಿಳಿದೊಡನೆ, ಏನೂ ತೊಂದರೆಯಿಲ್ಲದಿದ್ದರೂ ಅದರ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಪರೀಕ್ಷಿಸಲೇಬೇಕು. ಲಕ್ಷಣಗಳು ತೋರುವ ಮೊದಲೇ ಔಷಧ ಮೊದಲುಮಾಡಿ ಬಿಡದೆ ನಡಸಿದರೆ ಅವರು ಬಹುಮಟ್ಟಿಗೆ ಎಲ್ಲರಂತೆ ಬಾಳಬಲ್ಲರು.

ಜೀನನ್ನೇ ಒದಗಿಸುವ ಚಿಕಿತ್ಸೆಯೂ ಈಗ ಮೊದಲಾಗಿದೆ. ಡೋಪಮೀನ್ ತಯಾರಿಕೆಯ ಕೊನೆಯ ಮೆಟ್ಟಿಲನ್ನು ನಡಸುವ ಜೀನು ಕೆಟ್ಟ ಶಿಶುಗಳು ಕತ್ತನ್ನೂ ಎತ್ತಲಾರವು. ಅವುಗಳ ಕಣ್ಣುಗಳು ಗಂಟೆಗಟ್ಟಲೆ ಮೇಲಕ್ಕೆ ಸಿಕ್ಕಿಕೊಳ್ಳುತ್ತವೆ. ಲೆವೊಡೋಪಾ ಇಂಥವರಲ್ಲಿ ಹೆಚ್ಚಿನವರಿಗೆ ನಾಟುವುದಿಲ್ಲ. ತೈವಾನಿನ ವೈದ್ಯರು ಕೇಡುಮಾಡದ ಒಂದು ವೈರಾಣುವಿನ ಮೂಲಕ ಸರಿಯಾದ ಜೀನನ್ನು ನಾಲ್ವರು ಮಕ್ಕಳ ಮಿದುಳಿಗೆ ಸೇರಿಸಿ, ಆ ವಿಚಾರವನ್ನು ೨೦೧೨ರಲ್ಲಿ ಪ್ರಕಟಿಸಿದರು. ಅವರಲ್ಲಿ ಒಬ್ಬರು ನಿಲ್ಲಲೂ ಉಳಿದವರು ಆಸರೆಯೊಡನೆ ಕೂಡಲೂ ಶಕ್ತರಾದರು. ಈ ಚಿಕಿತ್ಸೆಗೆ ೨೦೨೨ರಲ್ಲಿ ಯೂರೋಪಿನಲ್ಲಿಯೂ ೨೦೨೪ರಲ್ಲಿ ಅಮೆರಿಕದಲ್ಲಿಯೂ ಸರ್ಕಾರದ ಮನ್ನಣೆ ದೊರೆತಿದೆ. ವೆಚ್ಚ ಬಹಳ, ಸಾಮಾನ್ಯ ಗೃಹಸ್ಥರ ಕೈಗೆಟುಕುವುದಲ್ಲ. ಆದರೂ ದಾರಿಯೊಂದು ತೆರೆದಂತಾಗಿದೆ.

ಸೋದರಿಕೆಯ ಲೆಕ್ಕ

ಈಗ ನಮ್ಮ ನಾಡಿನವರು ಕೇಳಲು ಹಿಂಜರಿಯುವ ಒಂದು ಮಾತನ್ನು ಹೇಳಬೇಕಾಗಿದೆ. ಅಕ್ಕನ ಮಗಳನ್ನು ತರುವುದು, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಸಂಬಂಧ ಬೆಳೆಸುವುದು ನಮ್ಮಲ್ಲಿ ಹಳೆಯ ವಾಡಿಕೆ. ೧೯೮೦ರಿಂದ ೧೯೮೯ರವರೆಗೆ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಮೀರಿದ ದಂಪತಿಗಳ ವಿಚಾರವನ್ನು ಸಂಗ್ರಹಿಸಿದಾಗ, ಸುಮಾರು ಮೂರರಲ್ಲೊಂದು ಮದುವೆ ಇಂಥ ಒಳಸಂಬಂಧವೆಂದು ಕಂಡುಬಂತು.

ಸಂಬಂಧಿಕರು ಒಂದೇ ಹಿರಿಯರಿಂದ ಬಂದವರಾದುದರಿಂದ, ಅವರಲ್ಲಿ ಅಡಗಿರುವ ತಪ್ಪುಗಳೂ ಒಂದೇ ಆಗಿರುವ ಸಂಭವ ಹೆಚ್ಚು. ಸೋದರಮಾವ ಮತ್ತು ಸೊಸೆಗೆ ಹುಟ್ಟಿದ ಮಗುವಿನಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ಜೀನುಗಳ ಎರಡು ಪ್ರತಿಗಳೂ ಒಂದೇ ಹಿರಿಯರ ಒಂದೇ ಪ್ರತಿಯಿಂದ ಬಂದಿರುತ್ತವೆ. ಮಾವನ ಮಕ್ಕಳೊಡನೆ ಮದುವೆಯಾದವರ ಮಗುವಿನಲ್ಲಿ ಹದಿನಾರರಲ್ಲೊಂದು ಪಾಲು. ಆದರೆ ಇದನ್ನು ಕೇಳಿ ಈಗಾಗಲೇ ಮದುವೆಯಾದವರು ಗಾಬರಿಪಡಬೇಕಾದುದಿಲ್ಲ. ಯಾವ ಸಂಬಂಧವೂ ಇಲ್ಲದ ದಂಪತಿಗಳ ನೂರು ಮಕ್ಕಳಲ್ಲಿಯೂ ಎರಡು ಮೂವರಿಗೆ ಯಾವುದಾದರೊಂದು ದೊಡ್ಡ ಹುಟ್ಟುದೋಷ ಇದ್ದೇ ಇರುತ್ತದೆ. ಮಾವನ ಮಕ್ಕಳೊಡನೆ ಆದ ಮದುವೆಗಳಲ್ಲಿ ಅದಕ್ಕೆ ಇನ್ನೆರಡು ಮೂರು ಸೇರುತ್ತದೆಂದು ವೈದ್ಯರ ಅಂದಾಜು. ಅಂದರೆ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸೋದರಮಾವನೊಡನೆ ಆದ ಮದುವೆಯಲ್ಲಿ ಅಪಾಯ ಇದಕ್ಕಿಂತ ಹೆಚ್ಚು. ಕುಟುಂಬದಲ್ಲಿ ಆಗಲೇ ಇಂಥ ರೋಗದ ಮಗುವೊಂದು ಹುಟ್ಟಿದ್ದರೆ ಲೆಕ್ಕವೇ ಬೇರೆಯಾಗುತ್ತದೆ. ಅಂಥ ಮನೆಯಲ್ಲಿ ಆಸ್ತಿ ಒಡೆಯಬಾರದೆಂದೋ ಬಾಂಧವ್ಯ ಬಿಡಬಾರದೆಂದೋ ಮತ್ತೆ ಒಳಗೊಳಗೇ ಸಂಬಂಧ ಮಾಡುವ ಮೊದಲು, ವಧೂವರರ ರಕ್ತವನ್ನು ಪರೀಕ್ಷಿಸುವುದು ಜಾತಕ ನೋಡುವುದಕ್ಕಿಂತ ಮುಖ್ಯವಾದ ಕರ್ತವ್ಯ.

ಗೃಹಸ್ಥರು ಮಾಡಬೇಕಾದುದು

ಮೊದಲನೆಯದು, ಲಕ್ಷಣಗಳನ್ನು ಗಮನಿಸುವುದು. ಸೆರೆಬ್ರಲ್ ಪಾಲ್ಸಿ ಎಂದು ಹೆಸರಿಟ್ಟ ಮಗುವಿನ ಹೆರಿಗೆಯಲ್ಲಿ ತೊಂದರೆಯೇ ಆಗಿರದಿದ್ದರೆ, ಎಂ.ಆರ್.ಐ. ಚಿತ್ರ ಸರಿಯಾಗಿದ್ದರೆ, ಕಲಿತ ನಡಿಗೆಯನ್ನೋ ಮಾತನ್ನೋ ಮಗು ಮರೆಯುತ್ತಿದ್ದರೆ, ಬೆಳಗ್ಗೆಗೂ ಸಂಜೆಗೂ ಎದ್ದುಕಾಣುವ ಭೇದವಿದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೂ ಹಾಗೆಯೇ ಇದ್ದರೆ, ಕಾರಣ ಬೇರೆಯಿರಬಹುದೆಂದು ನರರೋಗ ವೈದ್ಯರನ್ನು ಮತ್ತೆ ಕೇಳತಕ್ಕದ್ದು.

ಎರಡನೆಯದು, ವೈದ್ಯರ ಬಳಿಗೆ ಹೋಗುವಾಗ ತಂದೆ ತಾಯಿ ಎರಡೂ ಕಡೆಯ ಮೂರು ತಲೆಮಾರಿನ ವಿವರವನ್ನು ಬರೆದುಕೊಂಡು ಹೋಗುವುದು. ಎಳವೆಯಲ್ಲಿ ತೀರಿಕೊಂಡ ಮಕ್ಕಳನ್ನೂ ಬಸುರಿಳಿದುದನ್ನೂ ಸಂಬಂಧದಲ್ಲಾದ ಮದುವೆಗಳನ್ನೂ ಮುಚ್ಚಿಡಬಾರದು. ಮಗುವಿನ ನಡುಕವನ್ನೋ ಫಿಟ್ಸನ್ನೋ ಫೋನಿನಲ್ಲಿ ಚಿತ್ರಿಸಿಕೊಂಡರೆ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ; ಏಕೆಂದರೆ ಆಸ್ಪತ್ರೆಯಲ್ಲಿ ಅವು ಕಾಣಿಸಿಕೊಳ್ಳದೆಯೇ ಇರಬಹುದು.

ಮೂರನೆಯದು, ಜೀನಿನ ಪರೀಕ್ಷೆ. ೨೦೦೩ರಲ್ಲಿ ಮನುಷ್ಯನ ವಂಶದ ಬರಹವನ್ನು ಓದುವ ಮಹಾಕಾರ್ಯ ಪೂರೈಸಿದಂದಿನಿಂದ, ಸ್ವಲ್ಪ ರಕ್ತದಿಂದಲೇ ಸಾವಿರಾರು ಜೀನುಗಳನ್ನು ಒಟ್ಟಿಗೆ ಓದುವ ಉಪಾಯಗಳು ಬೆಳೆದಿವೆ. ಮಗುವಿನೊಡನೆ ತಂದೆತಾಯಿಗಳ ರಕ್ತವನ್ನೂ ಕೊಟ್ಟರೆ ಉತ್ತರ ಸ್ಪಷ್ಟವಾಗುತ್ತದೆ. ಎಲ್ಲರಿಗೂ ಉತ್ತರ ದೊರೆಯುವುದಿಲ್ಲ. ಕೆಲವು ವೇಳೆ ಸಂದೇಹದ ಉತ್ತರವೂ ಬರುತ್ತದೆ. ಆದರೆ ಪ್ರತಿ ವರ್ಷ ಹೊಸ ಜೀನುಗಳು ತಿಳಿದುಬರುತ್ತಿರುವುದರಿಂದ, ಇಂದು ದೊರೆಯದ ಉತ್ತರ ಕೆಲವು ವರ್ಷಗಳ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ನ

ೋಡಿದಾಗ ದೊರೆಯಬಹುದು. ಮಗು ಉಳಿಯುವ ಆಸೆಯಿಲ್ಲವೆಂದು ತೋರಿದಾಗಲೂ ಸ್ವಲ್ಪ ರಕ್ತವನ್ನು ತೆಗೆದಿಡುವಂತೆ ವೈದ್ಯರನ್ನು ಕೇಳಿಕೊಳ್ಳಬೇಕು. ಆ ದುಃಖದಲ್ಲಿ ಈ ಮಾತು ಕಠಿಣವಾಗಿ ತೋರೀತು. ಆದರೆ ಮುಂದೆ ಹುಟ್ಟುವ ಮಗುವಿಗೆ ಅದರಿಂದಲೇ ದಾರಿ ಕಾಣುವುದು.

ನಾಲ್ಕನೆಯದು, ಮತ್ತೆ ಬಸುರಾಗುವ ಮೊದಲೇ ಆಲೋಚನೆ ಕೇಳುವುದು. ಮನೆಯ ದೋಷ ಯಾವ ಜೀನಿನಲ್ಲಿದೆಯೆಂದು ತಿಳಿದಿದ್ದರೆ, ಬಸುರಿನ ೧೧ರಿಂದ ೧೪ನೆಯ ವಾರದೊಳಗೆ ಜರಾಯುವಿನ ಚೂರನ್ನೋ, ೧೫ನೆಯ ವಾರದ ಮೇಲೆ ಗರ್ಭದ ನೀರನ್ನೋ ಪರೀಕ್ಷಿಸಿ ಶಿಶುವಿನ ಸ್ಥಿತಿಯನ್ನು ಅರಿಯಬಹುದು. ಭಾರತದ ೧೯೯೪ರ ಕಾಯಿದೆಯು ಶಿಶು ಗಂಡೋ ಹೆಣ್ಣೋ ಎಂದು ಹೇಳುವುದನ್ನು ನಿಷೇಧಿಸಿದೆಯೇ ಹೊರತು, ಇಂಥ ರೋಗಗಳ ಪರೀಕ್ಷೆಯನ್ನು ನಿಷೇಧಿಸಿಲ್ಲ. ಪರೀಕ್ಷೆ ಮಾಡಿಸುವುದೂ ಬಿಡುವುದೂ, ಆಮೇಲಿನ ನಿರ್ಧಾರವೂ ದಂಪತಿಗಳಿಗೆ ಸೇರಿದ್ದು. ಅದರಲ್ಲಿ ನೆಂಟರಿಷ್ಟರ ಒತ್ತಾಯ ಸಲ್ಲದು.

ಕಡೆಯದಾಗಿ, ಗುಣವಾಗದ ಮಗುವಿನ ಮಾತು. ಜೀನಿನ ಹೆಸರು ತಿಳಿದ ಮಾತ್ರಕ್ಕೆ ನುಣುಪಾದ ಮಿದುಳಿನಲ್ಲಿ ಮಡಿಕೆಗಳು ಏಳುವುದಿಲ್ಲ. ಆದರೆ ಫಿಟ್ಸನ್ನು ಹತೋಟಿಯಲ್ಲಿಡುವುದು, ಉಸಿರುಗಟ್ಟದಂತೆ ಉಣಿಸುವ ಬಗೆಯನ್ನು ಕಲಿಯುವುದು, ಕೈಕಾಲುಗಳ ಕೀಲು ಬಿಗಿಯದಂತೆ ದಿನವೂ ವ್ಯಾಯಾಮ ಮಾಡಿಸುವುದು, ಕಿವಿ ಕಣ್ಣುಗಳನ್ನು ಪರೀಕ್ಷಿಸುವುದು ಇವೆಲ್ಲ ನಮ್ಮ ಕೈಯಲ್ಲಿವೆ. ಈ ಸೇವೆಯ ಭಾರವನ್ನು ತಾಯಿಯೊಬ್ಬಳ ಮೇಲೆಯೇ ಹೊರಿಸದೆ ತಂದೆಯೂ ಅಜ್ಜಅಜ್ಜಿಯರೂ ಹಂಚಿಕೊಂಡರೆ ಮಗುವಿಗೂ ಸುಖ, ಮನೆಗೂ ನೆಮ್ಮದಿ. ಹಿರಿಯರ ಬರಹದಲ್ಲಿ ಎಂದೋ ಬಿದ್ದ ಒಂದು ಅಕ್ಷರದ ತಪ್ಪಿಗೆ ಇಂದು ಯಾರನ್ನೂ ದೂರಬೇಕಾದ ಕಾರಣವಿಲ್ಲ. ಆ ತಪ್ಪು ಎಲ್ಲಿದೆಯೆಂದು ಓದಿ ತಿಳಿಯುವ ವಿದ್ಯೆ ನಮ್ಮ ಕಾಲದವರಿಗೆ ದೊರೆತಿದೆ. ತಾಯಿಯನ್ನು ನಿಂದಿಸುವುದನ್ನು ಬಿಟ್ಟು, ಅವಳ ಜೊತೆಗೆ ನಿಂತು ಆ ವಿದ್ಯೆಯನ್ನು ಉಪಯೋಗಿಸಿಕೊಳ್ಳುವುದೇ ಮನೆಯ ಹಿರಿಯರಿಗೆ ಒಪ್ಪುವ ನಡತೆಯೆಂದು ನಾವು ನಂಬಿದ್ದೇವೆ.